ತೆರಿಗೆ ಉಳಿಸುವ ಮರಕುಟಿಗ

ನಮ್ಮ ಭಾವನವರ ಕ್ಯಾಲೆಂಡರಿನಲ್ಲಿ ಇರುವುದು ಒಂದೇ ತಿಂಗಳು, ಮಾರ್ಚ್! ಉಳಿದ ಹನ್ನೊಂದು ಏನಿದ್ದರೂ ಮಾರ್ಚಿಗೆ ತಯಾರಿ ನಡೆಸಲೆಂದು ದೇವರು ಕೊಟ್ಟ ಬಿಡುವು. ಮನುಷ್ಯ ಹುಟ್ಟುವುದು ಏತಕ್ಕೆ ಎಂದು ಯಾರಾದರೂ ಸ್ವಾಮಿಗಳನ್ನು ಕೇಳಿದರೆ ಮೋಕ್ಷಕ್ಕೆ ಎಂದಾರು. ಭಾವನನ್ನು ಕೇಳಿ ನೋಡಿ, ತೆರಿಗೆ ಉಳಿಸುವುದಕ್ಕೆ ಎನ್ನುತ್ತಾರೆ. ಹಾಗೆಂದು ಅವರನ್ನು ಜಿಪುಣ ಎಂದುಕೊಳ್ಳಬೇಡಿ. ತೆರಿಗೆಯಲ್ಲಿ ಒಂದು ರೂಪಾಯಿ ಉಳಿಯುತ್ತದೆಂದರೆ ಹತ್ತು ರೂಪಾಯಿ ಖರ್ಚು ಮಾಡಲು ಹಿಂದೆಮುಂದೆ ನೋಡದ ಉದಾರಿ ಅವರು!

ಅಕ್ಕನ ಜೊತೆ ಅವರ ಮದುವೆ ಗೊತ್ತಾದಾಗ ಪುರೋಹಿತರು ಏಪ್ರಿಲ್‌ನಲ್ಲಿ ಒಳ್ಳೆಯ ಮುಹೂರ್ತವಿದೆ ಎಂದರು. "ಮಾರ್ಚ್ ಮುಗಿಯೋದರೊಳಗೆ ಯಾವುದೂ ಇಲ್ವಾ?" ಎಂದು ಹುಡುಗ ಕೇಳಿದ. ನಮ್ಮಪ್ಪನಿಗೆ ಒಳಗೊಳಗೇ ಖುಷಿ, ಹುಡುಗನಿಗೆ ಎಷ್ಟು ಆತುರ ನೋಡು ಅಂತ. ಹೆಂಡತಿ ಹೆಸರಿನ ವಿಮೆಯ ಕಂತು ಆ ವರ್ಷದ ಲೆಕ್ಕಕ್ಕೇ ಬಂದುಬಿಡಲಿ ಎನ್ನುವ ಆತುರ ಅದು ಎಂದು ತಿಳಿದದ್ದು ಮದುವೆ ಊಟದ ಪಂಕ್ತಿಯಲ್ಲಿ. ಹೋಳಿಗೆ ಬಡಿಸುವ ಹೊತ್ತಿಗೆ ಭಾವ ಜೇಬಿನಿಂದ ಪೆನ್ನು ತೆಗೆದು, "ಇಲ್ಲೊಂದು ಸಹಿ ಹಾಕು" ಎಂದು ಅಕ್ಕನ ಕೈಗೆ ಕೊಟ್ಟರು! ತುಪ್ಪದ ಬೆರಳಿನ ಗುರುತು ಇರುವ ಆ ಪಾಲಿಸಿ ಇವತ್ತಿಗೂ ಅವರ ಬೀರುವಿನಲ್ಲಿದೆ.

ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆಗೆ ದುಡ್ಡು ಹಾಕಿ, ಅರ್ಚಕರ ಕಿವಿಯ ಹತ್ತಿರ ಬಗ್ಗಿ, "ಇದಕ್ಕೆ ತೆರಿಗೆ ವಿನಾಯಿತಿಯ ಎಂಬತ್ತು ಜಿ ರಸೀದಿ ಸಿಗುತ್ತಾ?" ಎಂದು ಕೇಳಿದವರು ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು. ಅರ್ಚಕರು ಅದೇನೋ ಹೊಸ ಸೇವೆ ಇರಬಹುದೆಂದು ಗರ್ಭಗುಡಿಯೊಳಕ್ಕೆ ಹೋಗಿ ಹಿರಿಯ ಅರ್ಚಕರನ್ನು ವಿಚಾರಿಸಿಕೊಂಡು ಬಂದರಂತೆ.

ಇಂಥವರನ್ನು ಅವರ ಕಂಪನಿ ಎಲ್ಲಿಗೆ ಕಳಿಸಬೇಕು? ಸ್ವೀಡನ್ನಿಗೆ! ತೆರಿಗೆ ಎಂದರೆ ಏನೆಂದು ಜಗತ್ತಿಗೆ ತೋರಿಸಿಕೊಟ್ಟ ದೇಶಕ್ಕೆ! ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ಆಗಲೇ ಕಾರ್ಲ್‌ಸ್ಟಾಡಿನ ಯೂನಿವರ್ಸಿಟಿಯಲ್ಲಿ ಕೆಲಸಕ್ಕಿದ್ದೆ. ಭಾವ ಅಕ್ಕನ ಸಮೇತ ಅದೇ ಊರಿಗೆ ಬರುತ್ತಾರೆಂದು ಗೊತ್ತಾದಾಗ ನನಗೆ ಹೆದರಿಕೆಯಾದದ್ದು ಚಳಿಯ ಬಗ್ಗೆಯಲ್ಲ, ಅವರ ಮೊದಲ ಸಂಬಳದ ಚೀಟಿಯ ಬಗ್ಗೆ.

ಆದರೆ ಭಾವ ಧೈರ್ಯಗೆಡಲಿಲ್ಲ. "ತೆರಿಗೆ ಎಷ್ಟು ಜಾಸ್ತಿಯೋ ಉಳಿಸೋ ದಾರಿ ಅಷ್ಟು ಜಾಸ್ತಿ ಇರುತ್ತೆ ಕಣಮ್ಮಾ" ಎಂದು ನೆಟಿಗೆ ಮುರಿಯುತ್ತಾ ಕಾದರು. ವಸಂತ ಬಂತು. ತೆರಿಗೆ ಕಚೇರಿಯಿಂದ ಲಕೋಟೆಯೂ ಬಂತು. ಒಡೆದು ನೋಡಿದವರು ಸೋಫಾದ ಮೇಲೆ ಕುಸಿದು ನನಗೆ ಫೋನ್ ಮಾಡಿದರು.

"ಎಲ್ಲಾ ಅವರೇ ತುಂಬಿಬಿಟ್ಟಿದ್ದಾರಲ್ಲಮ್ಮಾ!"

"ಇಲ್ಲಿ ಹಾಗೇ ಭಾವ. ಸರಿ ಇದ್ರೆ ಒಂದು ಎಸ್ಸೆಮ್ಮೆಸ್ ಕಳಿಸಿದ್ರೆ ಆಯ್ತು."

"ಎಸ್ಸೆಮ್ಮೆಸ್ಸಾ? ಇದೇನು ತೆರಿಗೇನಾ, ಇಲ್ಲಾ ಟೀವಿ ಹಾಡಿನ ಸ್ಪರ್ಧೆಗೆ ಓಟು ಹಾಕೋದಾ?"

ಬಿಡುವ ಆಸಾಮಿಯೇ? ತೆರಿಗೆ ಕಚೇರಿಗೆ ಫೋನ್ ಮಾಡಿ, ನನಗೆ ಏನಾದರೂ ಒಂದು ವಿನಾಯಿತಿ ಕೊಡಿ ಎಂದು ಪಟ್ಟು ಹಿಡಿದರು. ಆ ಕಡೆಯ ಹೆಂಗಸು ಪಾಪ, ತಾಳ್ಮೆಯಿಂದ, ಕೆಲಸಕ್ಕೆ ಬಹಳ ದೂರದಿಂದ ಕಾರಿನಲ್ಲಿ ಬರುವವರಿಗೆ ಒಂದಿಷ್ಟು ಸಿಗುತ್ತದೆ ಎಂದಳಂತೆ. ಭಾವನ ಆಫೀಸು ಮನೆಯ ಎದುರು ರಸ್ತೆಯಲ್ಲಿ! ಅಂದು ಸಂಜೆಯೇ ಅಕ್ಕನನ್ನು ಕೂರಿಸಿಕೊಂಡು, ಕಾಡಂಚಿನ ಯಾವುದಾದರೂ ಹಳ್ಳಿಗೆ ಮನೆ ಬದಲಾಯಿಸಿಬಿಡೋಣ ಎಂದರು. ಬೆಂಗಳೂರಿನ ಅಕ್ಕನಾಗಿದ್ದರೆ ಅವರ ನೀರಿಳಿಸಿಬಿಡುತ್ತಿದ್ದಳು. ಈ ಅಕ್ಕ "ನಿಮ್ಮಿಷ್ಟ" ಎಂದಳು, ಅಷ್ಟೇ.

ಇಲ್ಲಿ ನಗೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಅಕ್ಕನ ವಿಷಯ ಹೇಳಬೇಕು. ಅಕ್ಕ ಮೃದಂಗ ನುಡಿಸುವವಳು. ಮೈಸೂರಿನಲ್ಲಿ ತಾತನ ಎದುರು ಕೂತು ಕಲಿತವಳು. ಅವಳ ಬೆರಳುಗಳಿಗೆ ಸುಮ್ಮನಿದ್ದೇ ಗೊತ್ತಿರಲಿಲ್ಲ. ಊಟದ ತಟ್ಟೆ, ಬಸ್ಸಿನ ಸೀಟು, ನನ್ನ ಬೆನ್ನು, ಯಾವುದು ಸಿಕ್ಕಿದರೂ ಅದು ಮೃದಂಗವೇ. ಬೆರಳಿಗೆ ಸರಿಸಮನಾಗಿ ಬಾಯಿಯೂ ಓಡುತ್ತಿತ್ತು. ಇಲ್ಲಿಗೆ ಬಂದ ಹೊಸದರಲ್ಲಿ ಅಪಾರ್ಟ್‌ಮೆಂಟಿನಲ್ಲಿ ಒಂದು ಸಂಜೆ ನುಡಿಸಿದಳು. ಕೆಳಗಿನ ಮನೆಯಾತ ಮೇಲೆ ಬಂದು, ಬಹಳ ಮರ್ಯಾದೆಯಿಂದ, "ತುಂಬ ಚೆನ್ನಾಗಿದೆ. ಇನ್ನೂ ಎಷ್ಟು ಹೊತ್ತು ಚೆನ್ನಾಗಿರುತ್ತೆ?" ಎಂದು ಕೇಳಿದ. ನಾವು ನಕ್ಕೆವು. ಅಕ್ಕ ಮೃದಂಗಕ್ಕೆ ಗವಸು ಹಾಕಿಬಿಟ್ಟಳು. ಮೊದಲು ಮೃದಂಗ ನಿಂತಿತು, ಆಮೇಲೆ ಬೆರಳು ನಿಂತವು, ಕತ್ತಲೆಯ ಆ ಚಳಿಗಾಲ ಪೂರ್ತಿ ಇಳಿಯುವ ಹೊತ್ತಿಗೆ ಮಾತೂ ನಿಂತಿತು. ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ. ಡಾಕ್ಟರು ವಿಟಮಿನ್ ಕೊಟ್ಟರು. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಭಾವನಿಗೋ, ತೆರಿಗೆಯದೇ ಚಿಂತೆ! ಹಾಗೆಂದು ನಾನು ಹಲ್ಲು ಕಡಿಯುತ್ತಿದ್ದೆ.

ಅಂಥ ಹೊತ್ತಿನಲ್ಲಿ ಭಾವನಿಗೆ ಜ್ಞಾನೋದಯವಾಯಿತು. ಬೋಧಿವೃಕ್ಷದ ಕೆಳಗಲ್ಲ, ಆಫೀಸಿನ ಫೀಕಾದಲ್ಲಿ. ಫೀಕಾ ಎಂದರೆ ಇಲ್ಲಿನವರು ಕೆಲಸ ಬಿಟ್ಟು ಕಾಫಿ, ದಾಲ್ಚಿನ್ನಿ ಬನ್ನು ಹಿಡಿದು ಕೂರುವ ಹೊತ್ತು. ಅವರ ಸಹೋದ್ಯೋಗಿಯೊಬ್ಬ ಮುಖ ಸಣ್ಣದು ಮಾಡಿಕೊಂಡು ಹೇಳಿದನಂತೆ: ಅವನಪ್ಪನ ಸ್ವಂತ ಕಾಡಿನಲ್ಲಿ ಬಿಳಿಬೆನ್ನಿನ ಮರಕುಟಿಗ ಎಂಬ ಅಪರೂಪದ ಹಕ್ಕಿ ಬಂದು ಗೂಡು ಮಾಡಿಬಿಟ್ಟಿದೆ. ಅರಣ್ಯ ಇಲಾಖೆಯವರು ಒಪ್ಪಂದಕ್ಕೆ ಬಂದಿದ್ದಾರೆ. ಕಾಡು ನಿಮ್ಮದೇ, ಆದರೆ ಕೊಡಲಿ ಹಾಕುವಂತಿಲ್ಲ. ಅದಕ್ಕೆ ಪರಿಹಾರ ಕೊಡುತ್ತೇವೆ, ಆ ಪರಿಹಾರದ ಮೇಲಿನ ತೆರಿಗೆಯಲ್ಲೂ ಅನುಕೂಲ ಮಾಡಿಕೊಡುತ್ತೇವೆ ಅಂತ. ಮೇಜಿನ ಸುತ್ತ ಇದ್ದವರೆಲ್ಲ ಅಯ್ಯೋ ಪಾಪ ಎಂದರು. ಒಬ್ಬರ ಕಿವಿ ಮಾತ್ರ ನೆಟ್ಟಗಾಯಿತು.

"ತೆರಿಗೆ ಉಳಿಸೋ ಹಕ್ಕಿ ಕಣಮ್ಮಾ! ನಮ್ಮ ದೇಶದಲ್ಲಿ ಇಂಥ ಒಂದು ಕಾಗೆಯಾದ್ರೂ ಇದೆಯಾ?" ಎಂದು ಫೋನಿನಲ್ಲಿ ಕೂಗಿದರು. ಅಂದಿನಿಂದ ಆ ಹಕ್ಕಿಗೆ ಅವರಿಟ್ಟ ಹೆಸರು, ನಮ್ಮೂರಿನಲ್ಲಿ ತೆರಿಗೆ ಉಳಿಸಿಕೊಡುವ ಸೆಕ್ಷನ್ನಿನದೇ, 'ಎಂಬತ್ತು ಸಿ'.

ಕಾಡು ಕೊಳ್ಳುವ ಮೊದಲೇ ಅವರು ನಮ್ಮನ್ನೆಲ್ಲ ಕಾಡಿದ್ದು ಅಷ್ಟಿಷ್ಟಲ್ಲ! ವಾರ ವಾರವೂ ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಮಾರಾಟಕ್ಕಿರುವ ಜಾಗ ನೋಡಲು ಹೋಗುತ್ತಿದ್ದರು. ಕೊನೆಗೆ ಊರಿನಿಂದ ಸ್ವಲ್ಪ ದೂರದಲ್ಲಿ ಒಂದು ತುಂಡು ಕಾಡು, ಅದರ ಅಂಚಿಗೊಂದು ಕೆಂಪು ಬಣ್ಣದ ಪುಟ್ಟ ಮರದ ಮನೆ, ಅದರ ಹಿಂದೊಂದು ಸೌದೆ ಕೊಟ್ಟಿಗೆ, ಇಷ್ಟನ್ನು ಕೊಂಡೇಬಿಟ್ಟರು. ನಾನು ಹೋಗಿ ನೋಡಿ ತಲೆಯ ಮೇಲೆ ಕೈ ಹೊತ್ತೆ. ಸುತ್ತಲೂ ಎಲ್ಲರ ಜಾಗದಲ್ಲಿ ಸ್ಪ್ರೂಸ್ ಮರಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದರೆ, ಇವರದ್ದರಲ್ಲಿ ಕೆಸರು, ಸೊಟ್ಟ ಬರ್ಚ್ ಮರಗಳು, ಮುದಿ ಆಸ್ಪೆನ್ ಮರಗಳು, ಅರ್ಧಕ್ಕರ್ಧ ಸತ್ತು ನಿಂತವು, ಉಳಿದರ್ಧ ಸತ್ತು ಬಿದ್ದವು.

"ಭಾವ, ಎಲ್ಲಾ ಸತ್ತಿದೆಯಲ್ಲ!"

"ಅದಕ್ಕೇ ತಗೊಂಡಿದ್ದು! ಸತ್ತ ಮರದಲ್ಲಿ ಹುಳ ಇರುತ್ತೆ. ಹುಳ ಇದ್ರೆ ಎಂಬತ್ತು ಸಿ ಬರುತ್ತೆ. ಎಂಬತ್ತು ಸಿ ಬಂದ್ರೆ..." ಎಂದು ಆಕಾಶ ನೋಡಿದರು.

ಪಕ್ಕದ ಜಮೀನಿನ ಮುದುಕನ ಹೆಸರು ಬೆಂಗ್ಟ್. ಹೊಸ ನೆರೆಯವರಿಗೆ ಉಪಕಾರ ಮಾಡೋಣವೆಂದು ಒಂದು ಬೆಳಗ್ಗೆ ಮರ ಕೊಯ್ಯುವ ಗರಗಸದ ಯಂತ್ರ ಹಿಡಿದು ಬಂದ. ಒಣಗಿ ನಿಂತ ಆಸ್ಪೆನ್ ಮರಕ್ಕೆ ಇನ್ನೇನು ಯಂತ್ರ ಇಡಬೇಕು, ಭಾವ ಪೈಜಾಮದಲ್ಲೇ ಓಡಿ ಹೋಗಿ ಮರವನ್ನು ತಬ್ಬಿಕೊಂಡರು. ಸ್ವೀಡಿಷ್ ತರಗತಿಯಲ್ಲಿ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ ಕೂಗಿದರು: "ಬೇಡ! ಇವನು ಸತ್ತಿದ್ದಾನೆ, ಆದರೆ ಕೆಲಸ ಮಾಡುತ್ತಿದ್ದಾನೆ!"

ಬೆಂಗ್ಟ್ ಯಂತ್ರ ಆರಿಸಿ, ಮರವನ್ನೊಮ್ಮೆ ನೋಡಿ, "ನಮ್ಮ ಪುರಸಭೆಯ ಆಫೀಸಿನಲ್ಲೂ ಅಂಥವರು ಕೆಲವರಿದ್ದಾರೆ" ಎಂದ. ಅಂದಿನಿಂದ ಇಬ್ಬರೂ ಜೀವದ ಗೆಳೆಯರು.

ಅವನ ಮನೆಗೆ ಕಾಫಿಗೆ ಕರೆದ ದಿನ ನಾನೂ ಹೋಗಿದ್ದೆ. ಬೆಂಗ್ಟನ ಹೆಂಡತಿ ಕಾಫಿ ತಂದಿಟ್ಟಾಗ ಅವನು ಅವಳ ಕೈ ತಟ್ಟಿ "ಟಾಕ್, ಸ್ಕಟ್" ಎಂದ. ಟಾಕ್ ಎಂದರೆ ಥ್ಯಾಂಕ್ಸ್. ಭಾವನ ಮುಖ ಬಾಡಿತು. ವಾಪಸು ಬರುವಾಗ ಕಾರಿನಲ್ಲಿ ಲೊಚಗುಟ್ಟಿದರು. "ಪಾಪ ಕಣಮ್ಮಾ ಆ ಹೆಂಗಸು. ಬಿಸಿ ಬಿಸಿ ಕಾಫಿ ತಂದುಕೊಟ್ರೆ, 'ಥ್ಯಾಂಕ್ಸ್, ತೆರಿಗೆ' ಅಂತಾನಲ್ಲ!"

ನಾನು ಬಿಡಿಸಿ ಹೇಳಿದೆ. ಸ್ವೀಡಿಷ್‌ನಲ್ಲಿ ಸ್ಕಟ್ ಎಂದರೆ ತೆರಿಗೆ ನಿಜ, ಆದರೆ ನಿಧಿ ಅಂತಲೂ ಅರ್ಥ, ಪ್ರೀತಿಪಾತ್ರರನ್ನು ಚಿನ್ನ, ಬಂಗಾರ ಎಂದು ಕರೆಯುವುದಕ್ಕೂ ಅದೇ ಪದ. ಭಾವ ಮನೆಯ ಮುಂದೆ ಕಾರು ನಿಲ್ಲಿಸಿ ಕೀಲಿ ತೆಗೆಯುತ್ತಾ, "ಈಗ ಗೊತ್ತಾಯ್ತು, ಇವರು ಯಾಕೆ ನಗುನಗ್ತಾ ತೆರಿಗೆ ಕಟ್ತಾರೆ ಅಂತ. ಭಾಷೆಯಲ್ಲೇ ಮೋಸ ಹೋಗಿದ್ದಾರೆ!" ಎಂದರು. ಹಿಂದಿನ ಸೀಟಿನಲ್ಲಿದ್ದ ಅಕ್ಕ ಕಿಸಕ್ಕೆಂದಳು. ನಾನು ತಿರುಗಿ ನೋಡುವಷ್ಟರಲ್ಲಿ ಮುಖ ಕಿಟಕಿಯ ಕಡೆಗಿತ್ತು. ಆದರೆ ಕಿಸಕ್ಕೆಂದದ್ದು ಸುಳ್ಳಲ್ಲ.

ಹಕ್ಕಿಯ ತಪಸ್ಸು ಶುರುವಾಯಿತು. ಬಣ್ಣದ ಟೊಪ್ಪಿ, ಎರಡು ಸ್ವೆಟರ್, ಕೊರಳಲ್ಲಿ ದುರ್ಬೀನು. ಮರಕುಟಿಗಗಳಿಗೇನು ಬರವಿರಲಿಲ್ಲ. ಬಂದವೆಲ್ಲ ಸಾಮಾನ್ಯ ಜಾತಿಯವು. ಅವು ಕಂಡರೆ ಭಾವನಿಗೆ ಮೈಯೆಲ್ಲ ಉರಿ. "ನಿನಗೆ ಯಾವ ಸೆಕ್ಷನ್ನೂ ಇಲ್ಲ, ಹೋಗು!" ಎಂದು ಚಪ್ಪಾಳೆ ತಟ್ಟಿ ಓಡಿಸುತ್ತಿದ್ದರು. ವರ್ಕ್ ಪರ್ಮಿಟ್ ಮೇಲೆ ಬಂದಿರುವ ನಾವು ಒಂದು ಹಕ್ಕಿಯನ್ನು ಹಾಗೆಲ್ಲ ಓಡಿಸಬಹುದೇ ಎಂದರೆ, "ಅದಕ್ಕೆ ಪರ್ಸೊನ್‌ನುಮ್ಮರ್ ಇದ್ದ ಹಾಗೆ ಆಡ್ತೀಯಲ್ಲಮ್ಮಾ" ಎಂದು ನನ್ನನ್ನೇ ದಬಾಯಿಸಿದರು. ಇಲ್ಲಿ ಆ ಸರ್ಕಾರಿ ಗುರುತಿನ ನಂಬರಿಲ್ಲದೆ ಲೈಬ್ರರಿಯಿಂದ ಒಂದು ಪುಸ್ತಕವೂ ಸಿಗುವುದಿಲ್ಲ!

ಈ ನಡುವೆ ಮರದ ವ್ಯಾಪಾರಿಯೊಬ್ಬ ಬಂದು ಹೋದ. ಈ ಕೊಳೆತ ಕಾಡನ್ನು ಬುಡ ಸಮೇತ ತೆಗೆದು ಸ್ಪ್ರೂಸ್ ನೆಟ್ಟರೆ ಒಳ್ಳೆಯದು, ಇಲ್ಲವಾದರೆ ನನಗೇ ಮಾರಿಬಿಡಿ ಎಂದ. ಭಾವ "ನೋಡೋಣ" ಎಂದರು. ಆ "ನೋಡೋಣ" ಕೇಳಿ ನನಗೆ ದಿಗಿಲಾಯಿತು. ಏಕೆಂದರೆ ಅಷ್ಟು ಹೊತ್ತಿಗೆ ನಾನೊಂದು ವಿಷಯ ಗಮನಿಸಿದ್ದೆ. ಆ ಕಾಡಿಗೆ ಹೋದ ದಿನಗಳಲ್ಲಿ ಅಕ್ಕ ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದಳು. ಸೌದೆ ಕೊಟ್ಟಿಗೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತಿದ್ದಳು. ಒಮ್ಮೊಮ್ಮೆ ಅವಳ ಬೆರಳು ಅಲ್ಲಿನ ಹಳೆಯ ಹಲಗೆ ಬಾಗಿಲ ಮೇಲೆ ಆಡುತ್ತಿದ್ದವು. ಹಕ್ಕಿ ಬರಲಿಲ್ಲ, ರಿಯಾಯಿತಿ ಇಲ್ಲ ಎಂದಾದರೆ ಈ ಮನುಷ್ಯ ಕಾಡನ್ನು ಮಾರುವುದು ಖಂಡಿತ. ಅಕ್ಕ ಮತ್ತೆ ಆ ಕಿಟಕಿಗೆ! ಹುಟ್ಟಿದಂದಿನಿಂದ ಹಕ್ಕಿಯೊಂದಕ್ಕೆ ಹರಕೆ ಹೊತ್ತವಳಲ್ಲ ನಾನು, ಆಗ ಹೊತ್ತೆ.

ಹಿಮ ಕರಗುತ್ತಿದ್ದ ಒಂದು ಶನಿವಾರ. ಭಾವ ಒಳಗೆ ಗೊರಕೆ ಹೊಡೆಯುತ್ತಿದ್ದರು. ಅಕ್ಕ ಕೊಟ್ಟಿಗೆಯ ಬಾಗಿಲ ಮೇಲೆ ಒಂದು ಫರನ್ ನುಡಿಸಿದಳು. ಗೊತ್ತಲ್ಲ, ನಿಧಾನವಾಗಿ ಶುರುವಾಗಿ ಬೆರಳು ಕಾಣದಷ್ಟು ಜೋರಾಗಿ ಓಡುವ ನಡೆ. ಅದು ಮುಗಿದದ್ದೇ, ಕೆಸರಿನ ಆಚೆಯ ಆಸ್ಪೆನ್‌ಗಳ ಕಡೆಯಿಂದ ಯಾರೋ ಅದನ್ನೇ ತಿರುಗಿ ನುಡಿಸಿದರು! ಅಕ್ಕ ಬೆಚ್ಚಿದಳು. ಪ್ರತಿಧ್ವನಿಯೆಂದುಕೊಂಡು ಸ್ವಲ್ಪ ಬದಲಿಸಿ ನುಡಿಸಿದಳು. ಆ ಕಡೆಯವನು ಬದಲಿಸಲಿಲ್ಲ. ನಿಧಾನ, ಜೋರು, ಇನ್ನೂ ಜೋರು, ಆಮೇಲೆ ಕರಗಿಹೋದಂತೆ ಸಣ್ಣಗೆ. ಬೇಲಿಯಾಚೆ ನಿಂತಿದ್ದ ಬೆಂಗ್ಟ್ ಟೋಪಿ ತೆಗೆದ. "ಅದೇ! ನಮ್ಮಪ್ಪನ ಕಾಲದಲ್ಲಿ ಕೇಳಿದ್ದೆ. ಬೇರೆ ಯಾವ ಮರಕುಟಿಗವೂ ಕೊನೆಗೆ ಹೀಗೆ ಓಡುವುದಿಲ್ಲ" ಎಂದು ಪಿಸುಗುಟ್ಟಿದ.

ಅರಣ್ಯ ಇಲಾಖೆಯಿಂದ ರಬ್ಬರ್ ಬೂಟಿನ ಅಧಿಕಾರಿಣಿಯೊಬ್ಬಳು ಮುಂದಿನ ವಾರ ಬಂದಳು. ಅಂದು ಕಾಡಿನಲ್ಲಿ ಕಡ್ಡಿ ಬಿದ್ದರೂ ಕೇಳುವಷ್ಟು ಮೌನ! ಭಾವ ಬೆವರಿದರು. ಒಂದು ಸೌಟು ತಂದು ತಾವೇ ಮರಕ್ಕೆ ಕುಟ್ಟಿದರು. ಒಂದು ಅಳಿಲು ಮೇಲಿನಿಂದ ಇಣುಕಿ, ಇವರನ್ನು ನೋಡಿ, ಬೇರೆ ಮರಕ್ಕೆ ಹಾರಿತು. ಅಧಿಕಾರಿಣಿ ಕೈಗಡಿಯಾರ ನೋಡಿಕೊಂಡಳು.

ಆಗ ಅಕ್ಕ ಶಾಲು ಸಿಕ್ಕಿಸಿಕೊಂಡು ಎದ್ದಳು. ಬಾಗಿಲ ಹತ್ತಿರ ಹೋದಳು. ಕಣ್ಣು ಮುಚ್ಚಿ, ತಾತನನ್ನು ನೆನೆದಳೋ ಏನೋ, ಶುರು ಮಾಡಿದಳು ನೋಡಿ! ಎಷ್ಟೋ ತಿಂಗಳಿಂದ ಬೆರಳಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಆ ಹಲಗೆಯ ಮೇಲೆ ಇಳಿಯಿತು. ಮುಗಿಸಿ ಕೈ ತೆಗೆದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಬಂತು ಉತ್ತರ. ಇವಳೊಂದು, ಅವನೊಂದು. ಇವಳು ಕೆಣಕಿದಳು, ಅವನು ರೇಗಿದ. ಕೊನೆಗೆ ಆ ಮಹಾಶಯ ತಡೆಯಲಾರದೆ, ಇದ್ಯಾರು ತನ್ನ ಜಾಗದಲ್ಲಿ ಕಚೇರಿ ಮಾಡುತ್ತಿರುವುದೆಂದು ನೋಡಲು ಹಾರಿ ಬಂದು ಎದುರಿನ ಒಣ ಮರಕ್ಕೇ ಅಂಟಿಕೊಂಡ. ಕೆಂಪು ನೆತ್ತಿ, ಬಿಳಿ ಬೆನ್ನು!

"ಯಾವ ಯಂತ್ರ ಬಳಸಿದಿರಿ?" ಎಂದು ಅಧಿಕಾರಿಣಿ ಕೇಳಿದಳು. ಅಕ್ಕ ಹತ್ತೂ ಬೆರಳು ಬಿಡಿಸಿ ತೋರಿಸಿದಳು. ಆಮೇಲೆ ನಕ್ಕಳು, ನಮ್ಮ ಹಳೆಯ ಅಕ್ಕ, ಬಾಯಿ ತುಂಬ. ನನಗೆ ಅಳು ತಡೆಯಲಾಗಲಿಲ್ಲ.

ಅಧಿಕಾರಿಣಿ ನಕಾಶೆ ಬಿಡಿಸಿ ಒಪ್ಪಂದಕ್ಕೆ ಸೇರಬೇಕಾದ ಜಾಗಕ್ಕೆ ಗೆರೆ ಎಳೆದಳು. ಗೆರೆ ಸೌದೆ ಕೊಟ್ಟಿಗೆಯನ್ನೂ ಒಳಗೆ ಹಾಕಿಕೊಂಡಿತು. ಒಳ್ಳೆಯ ಮುದಿ ಮರಗಳಿರುವುದೇ ಆ ಮೂಲೆಯಲ್ಲಿ, ಕೊಟ್ಟಿಗೆ ಕಿತ್ತರೆ ಆಯಿತು ಎಂದಳು. ಭಾವ ಪೆನ್ನು ತೆಗೆದುಕೊಂಡು ಗೆರೆಯನ್ನು ನೋಡಿದರು, ಬಾಗಿಲನ್ನು ನೋಡಿದರು. "ಈ ಮೂಲೆ ಬಿಟ್ಟು ಮಾಡ್ಕೊಳ್ಳಿ" ಎಂದರು.

"ಅದನ್ನು ಬಿಟ್ಟರೆ ನಿಮಗೆ ಸಿಗುವುದು ಏನೇನೂ ಅಲ್ಲ" ಎಂದಳು ಅವಳು.

"ಸಿಗದಿದ್ರೆ ಬೇಡ. ಆ ಮೂಲೆಯ ಮರಗಳನ್ನೂ ನಾನು ಕಡಿಯಲ್ಲ. ಆದ್ರೆ ಕೊಟ್ಟಿಗೆ ಇರುತ್ತೆ."

ನಾನು ಕಿವಿ ಉಜ್ಜಿಕೊಂಡೆ. ಅಧಿಕಾರಿಣಿ ಗೆರೆ ತಿದ್ದಿದಳು. ಹಕ್ಕಿ ಮೊಟ್ಟೆಗೆ ಕೂತ ಮೇಲೆ ಮರಿ ಹಾರುವವರೆಗೆ ಈ ಕಚೇರಿ ಬೇಡ, ಪಾಪ ಇವತ್ತೇ ಅದಕ್ಕೆ ಬೇಕಾದಷ್ಟಾಗಿದೆ ಎಂದು ಅಕ್ಕನ ಕೈ ಕುಲುಕಿ ಹೋದಳು. ನಾನು ಭಾವನನ್ನು ಪಕ್ಕಕ್ಕೆ ಕರೆದೆ.

"ಭಾವ, ಹುಷಾರಾಗಿದ್ದೀರಿ ತಾನೇ? ರಿಯಾಯಿತಿ ಬಿಟ್ಟುಬಿಟ್ರಾ?"

ಅವರು ಕನ್ನಡಕ ತೆಗೆದು ಒರೆಸುತ್ತಾ ನಿಂತರು. "ಜಾಗ ನೋಡೋಕೆ ಅಂತ ಎಷ್ಟು ಕಡೆ ಕರ್ಕೊಂಡು ಹೋದೆ ಅವಳನ್ನ. ಎಲ್ಲೂ ಕಾರಿಂದಲೇ ಇಳೀತಿರ್ಲಿಲ್ಲ. ಇಲ್ಲಿ ಇಳಿದಳು. ಹೋಗಿ ಆ ಬಾಗಿಲನ್ನ ಎರಡು ಸಲ ತಟ್ಟಿದಳು, ತೋಂ ತೋಂ ಅಂತ. ಅಷ್ಟೇ. ನಾನು ಅಲ್ಲೇ ಹೂಂ ಅಂದೆ."

"ಮತ್ತೆ ಹಕ್ಕಿ, ತೆರಿಗೆ ಅಂತ ನಮ್ಮ ಪ್ರಾಣ ತಿಂದಿದ್ದು?"

"'ನಿನಗೋಸ್ಕರ' ಅಂತ ಅವಳಿಗೆ ಅಂದಿದ್ರೆ ನಿಮ್ಮಕ್ಕ ಬೇಡ ಅಂತಿದ್ದಳಮ್ಮಾ. ತೆರಿಗೆಗೆ ಅಂದ್ರೆ ಮನಸ್ಸಲ್ಲೇ ಬೈಕೊಂಡು ಸುಮ್ಮನಿರ್ತಾಳೆ. ಬೈಕೊಂಡ್ರೆ ಏನು, ಬಂದಳಲ್ಲ."

ಕೊಟ್ಟಿಗೆಯ ಕಡೆ ತಿರುಗಿದೆವು. ಅಕ್ಕ ಮೆಟ್ಟಿಲ ಮೇಲೆ ಕೂತು, ಹಕ್ಕಿಗೆ ತೊಂದರೆಯಾಗದಂತೆ ಮೆಲುದನಿಯಲ್ಲಿ ಬಾಯಲ್ಲೇ ಸೊಲ್ಲು ಹೇಳಿಕೊಳ್ಳುತ್ತಿದ್ದಳು, ತಕ ಧಿಮಿ ತಕ ಝಣು. ಭಾವ ಹೋಗಿ ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕತೊಡಗಿದರು. ಎರಡೇ ಆವರ್ತಕ್ಕೆ ತಪ್ಪಿದರು.

"ರೀ, ಬೆರಳು ಎಣಿಸೋದು ಕಿರುಬೆರಳಿಂದ ಕಣ್ರೀ! ಲೆಕ್ಕದಲ್ಲಿ ಅಷ್ಟೊಂದು ಜಾಣರು, ಎಂಟು ಅಕ್ಷರ ಎಣಿಸೋಕೆ ಬರಲ್ವಾ ನಿಮಗೆ? ಯಾರು ಕಲಿಸಿದ್ದು ನಿಮಗೆ? ಕೈ ಕೊಡಿ ಇಲ್ಲಿ, ಹೀಗೆ. ಈಗ ನೀವು ಹಾಕಿ. ಅಯ್ಯೋ, ಮತ್ತೆ ಅದೇ!" ಎಂದು ಅಕ್ಕ ಒಂದೇ ಸಮನೆ ಬೈಯುತ್ತಿದ್ದಳು. ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದಂತೆ ಮಾತಾಡುತ್ತಿದ್ದಳು.

ಭಾವ ತಲೆ ತಗ್ಗಿಸಿ, ಮತ್ತೊಮ್ಮೆ ತೋರುಬೆರಳಿನಿಂದ ಎಣಿಸಲು ಶುರು ಮಾಡಿದರು. ಬೇಕೆಂದೇ ತಪ್ಪುತ್ತಿದ್ದರು.